ಉಪ್ಪಿನ ಭರಣಿಯಲ್ಲಿ ಪ್ರವಾಸದ ಚೀಟಿ

ಮುಳಬಾಗಿಲು, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ. ಈ ಊರುಗಳನ್ನೆಲ್ಲ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 69 ಹುಳಿಯಾರು, ಕಡೂರು, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು, ಹೊನ್ನಾವರದಲ್ಲಿ ಕಡಲ ಪಕ್ಕ ಮುಗಿಯುತ್ತದೆ. ಕೆರೆ ಕೋಡಿ ಬಿದ್ದರೆ ಊರೆಲ್ಲ ಸೇರಿ ಬಾಗಿನ ಕೊಡುವ ಸೀಮೆ ನಮ್ಮದು. ಇಲ್ಲಿನ ಮಕ್ಕಳಿಗೆ "ಸಮುದ್ರ ನೋಡೋಕೆ ಹೋಗ್ತಿದ್ದೀವಿ" ಅನ್ನುವುದು ಎಷ್ಟು ದೊಡ್ಡ ಸುದ್ದಿ ಎಂದು ದೊಡ್ಡವರಿಗೆ ಮರೆತುಹೋಗಿರುತ್ತದೆ. ಅದನ್ನು ಫೋನಿನಲ್ಲಿ ಯಾರಿಗೋ ಹೇಳುವಾಗ ಮಕ್ಕಳ ಕಿವಿಗೆ ಬೀಳುವಂತೆ ಮಾಡಬೇಡಿ. ಒಂದು ದಿನ ನೋಡಿ, ತಯಾರಿ ಮಾಡಿಕೊಂಡು ಹೇಳಿ.

ಮೊದಲನೆಯದು, ಖಾತ್ರಿಯಾಗುವ ತನಕ ಬಾಯಿ ಬಿಡಬಾರದು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚಿನಿಂದ ಮಾತ್ರ; 2024ರ ಅಕ್ಟೋಬರ್ ಕೊನೆಯವರೆಗೆ 120 ದಿನ ಇತ್ತು. ತುಮಕೂರಿನಿಂದ ಶಿವಮೊಗ್ಗಕ್ಕೆ ನೇರ ರೈಲುಗಳಿವೆ, ಆದರೆ ದಸರಾ ಮತ್ತು ಬೇಸಿಗೆ ರಜೆಯಲ್ಲಿ ಸೀಟು ಬೇಗ ತುಂಬುತ್ತದೆ. ಆನ್‌ಲೈನಿನಲ್ಲಿ ತೆಗೆದ ಟಿಕೆಟಿನಲ್ಲಿ ಎಲ್ಲರೂ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ಚಾರ್ಟ್ ಆದ ಮೇಲೆ ಅದು ತಾನಾಗಿ ರದ್ದಾಗುತ್ತದೆ. ಆದ್ದರಿಂದ ವೇಟಿಂಗ್ ಟಿಕೆಟ್ ನಂಬಿ ಮಕ್ಕಳಿಗೆ ಹೇಳುವುದು ಬೇಡ.

ರೇಷ್ಮೆ ಸಾಕುವ ಮನೆಗಳಲ್ಲಿ ಲೆಕ್ಕ ಬೇರೆ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಹುಳ ಸುಮಾರು ಒಂದು ವಾರ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ, ಆಮೇಲೆ ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡಬೇಕು, ಗೂಡು ಬಿಡಿಸಬೇಕು, ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಬೇಕು. ಚಳಿ ಜಾಸ್ತಿಯಾದರೆ ಒಂದೆರಡು ದಿನ ಹಿಂದೆ ಮುಂದೆ ಆಗಿಯೇ ಆಗುತ್ತದೆ. ಗೂಡು ಮಾರಿ ಬಂದ ದಿನವೇ ಸುದ್ದಿ ಹೇಳುವುದು ಕ್ಷೇಮ. ಹಸು ಇರುವ ಮನೆಯಲ್ಲಿ ಹಾಲು ಕರೆದು ಡೇರಿಗೆ ಹಾಕುವವರು ಯಾರೆಂದು ಮೊದಲು ಗೊತ್ತಾಗಲಿ, ಇದು ಗುಟ್ಟು ಎಂದು ಅವರಿಗೂ ತಿಳಿದಿರಲಿ. ಕೊಟ್ಟಿಗೆಯಿಂದಲೂ ಸುದ್ದಿ ಸೋರುತ್ತದೆ.

ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವುದು ವಯಸ್ಸಿನ ಮೇಲೆ. ನಾಲ್ಕೈದು ವರ್ಷದ ಮಗುವಿಗೆ "ಮುಂದಿನ ವಾರ" ಎಂಬುದು ಅರ್ಥವಾಗುವುದಿಲ್ಲ; ದಿನಕ್ಕೆ ಹತ್ತು ಸಲ "ಇವತ್ತಾ?" ಎಂದು ಕೇಳಿ ಅದೂ ದಣಿಯುತ್ತದೆ, ನೀವೂ ದಣಿಯುತ್ತೀರಿ. ಹಿಂದಿನ ದಿನ ಅಥವಾ ಎರಡು ದಿನ ಮುಂಚೆ ಸಾಕು. ಆರರಿಂದ ಹತ್ತು ವರ್ಷದವರಿಗೆ ಒಂದು ವಾರ ಕೊಡಿ. ಕಾಯುವುದರಲ್ಲೇ ಅವರಿಗೆ ಅರ್ಧ ಸುಖ ಇದೆ, ಅದನ್ನು ಕಸಿಯಬಾರದು. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಕಾರಿನಲ್ಲಿ ಕೂರಿಸಿ ಹೇಳುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ನಿದ್ದೆಗಣ್ಣಿನ ಮಗು ಖುಷಿಪಡುವ ಬದಲು ಅಳುತ್ತದೆ, ಗೆಳೆಯರಿಗೆ ಹೇಳಿ ಬರಲಿಲ್ಲ ಎಂಬ ಕೊರಗು ಬೇರೆ. ಹನ್ನೆರಡು ದಾಟಿದವರಿಗೆ ಪೂರ್ತಿ ಗುಟ್ಟು ಕೆಲಸ ಮಾಡುವುದಿಲ್ಲ. ಅವರಿಗೆ ಪಂದ್ಯ ಇರುತ್ತದೆ, ಗೆಳತಿಯ ಹುಟ್ಟುಹಬ್ಬ ಇರುತ್ತದೆ. ಅವರನ್ನು ನಿಮ್ಮ ಪಕ್ಷಕ್ಕೆ ಸೇರಿಸಿಕೊಂಡು ಚಿಕ್ಕವರಿಗಾಗಿ ಚೀಟಿ ಬರೆಯಲು ಬಿಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಿರುವ ಮಗುವಿಗಂತೂ ಅಚ್ಚರಿಯೇ ಬೇಡ.

ಗುಟ್ಟು ಕೆಡಿಸುವುದು ಈಗ ಹೆಚ್ಚಾಗಿ ಮೊಬೈಲು. ಟಿಕೆಟಿನ ಎಸ್ಸೆಮ್ಮೆಸ್ ಮಕ್ಕಳು ಆಟವಾಡುವ ಫೋನಿಗೆ ಬರದಂತೆ ಬೇರೆ ನಂಬರು ಕೊಡಿ. ನೀವು ಎರಡು ಸಲ ಮುರುಡೇಶ್ವರದ ವಿಡಿಯೊ ನೋಡಿದರೆ ಮೂರನೇ ದಿನ ಮಕ್ಕಳ ಕಾರ್ಟೂನಿನ ಪಕ್ಕದಲ್ಲೇ ಅದು ಬಂದು ಕೂರುತ್ತದೆ. ಹುಡುಕಾಟದ ಹಿಸ್ಟರಿ ಅಳಿಸಿ. ಅತ್ತೆ, ಚಿಕ್ಕಪ್ಪಂದಿರು ಇರುವ ವಾಟ್ಸಾಪ್ ಗುಂಪಿನಲ್ಲಿ ಇದರ ಮಾತೇ ಬೇಡ. ಅಟ್ಟದಿಂದ ಸೂಟ್‌ಕೇಸ್ ಇಳಿಸುವುದು ಕೊನೆಗೆ. ಆದರೆ ತಾತ ಅಜ್ಜಿಗೆ ಮೊದಲೇ ಹೇಳಲೇಬೇಕು. ಅವರ ಮಾತ್ರೆ, ಪಥ್ಯ, ಮಂಡಿನೋವು ಇವನ್ನು ನೋಡಿಯೇ ದಾರಿ ಗೊತ್ತುಮಾಡಬೇಕಾಗುತ್ತದೆ.

ಇನ್ನು ಹೇಳುವ ಬಗೆ. ಚಿತ್ರ ಜೋಡಿಸುವ ಆಟ ಖರ್ಚಿಲ್ಲದ್ದು, ಆದರೆ ಅವಸರಕ್ಕೆ ಆಗುವುದಿಲ್ಲ, ಹಿಂದಿನ ರಾತ್ರಿಯೇ ಮಾಡಿಡಬೇಕು. ಹೋಗುವ ಜಾಗದ ಚಿತ್ರವನ್ನು ಎ4 ಅಳತೆಯಲ್ಲಿ ಲೇಸರ್ ಪ್ರಿಂಟ್ ಮಾಡಿಸಿ. ಇಂಕ್‌ಜೆಟ್ ಆದರೆ ಅಂಟಿನ ತೇವಕ್ಕೆ ಬಣ್ಣ ಹರಡುತ್ತದೆ. ಸೀರೆ ಪೆಟ್ಟಿಗೆಯ ರಟ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಅಂಗಡಿಯ ಸಾಮಾನು ಬರುವ ಡಬ್ಬದ ರಟ್ಟು ಬೇಡ, ಒಳಗೆ ಟೊಳ್ಳಾಗಿರುವುದರಿಂದ ಕತ್ತರಿಸಿದ ಅಂಚು ಚಪ್ಪಟೆಯಾಗುತ್ತದೆ. ಫೆವಿಕಾಲಿಗೆ ನಾಲ್ಕು ಹನಿ ನೀರು ಬೆರೆಸಿ ರಟ್ಟಿನ ಮೇಲೆ ತೆಳ್ಳಗೆ ಹರಡಿ, ಚಿತ್ರವನ್ನು ನಡುವಿನಿಂದ ಅಂಚಿನ ಕಡೆಗೆ ಬಟ್ಟೆಯಲ್ಲಿ ಒತ್ತುತ್ತಾ ಬನ್ನಿ, ಗಾಳಿಗುಳ್ಳೆ ಉಳಿಯುವುದಿಲ್ಲ. ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗಿಡಿ, ಇಲ್ಲದಿದ್ದರೆ ಒಣಗುವಾಗ ಹಪ್ಪಳದಂತೆ ಸೊಟ್ಟಗಾಗುತ್ತದೆ. ಬೆಳಗ್ಗೆ ಹಿಂದುಗಡೆ ಗೆರೆ ಎಳೆದು, ಸ್ಟೀಲ್ ಸ್ಕೇಲಿಟ್ಟು, ಬ್ಲೇಡಿನಿಂದ ಎರಡು ಮೂರು ಸಲ ಹಗುರವಾಗಿ ಎಳೆದು ಕತ್ತರಿಸಿ.

ಐದು ವರ್ಷದವರಿಗೆ 6 ತುಂಡು, ಆರರಿಂದ ಎಂಟರವರಿಗೆ 12 ತುಂಡು (ಒಂದೊಂದೂ ಸುಮಾರು 7 ಸೆಂ.ಮೀ. ಚೌಕ), ಅದಕ್ಕಿಂತ ದೊಡ್ಡವರಿಗೆ 30. ನೇರವಾಗಿ ಕತ್ತರಿಸಿದ ತುಂಡುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಜಾರುತ್ತವೆ. ಅದೇ ಸೀರೆ ಪೆಟ್ಟಿಗೆಯ ಮುಚ್ಚಳದೊಳಗೆ ಜೋಡಿಸಲು ಕೊಡಿ. ಬರೀ ನೀಲಿ ನೀರು, ನೀಲಿ ಆಕಾಶ ಇರುವ ಚಿತ್ರ ಕೊಟ್ಟರೆ ಮಕ್ಕಳು ಅರ್ಧಕ್ಕೆ ಬಿಡುತ್ತಾರೆ. ದೋಣಿ, ತೆಂಗಿನಮರ ಅಥವಾ ಮುರುಡೇಶ್ವರದ 123 ಅಡಿಯ ಶಿವ ಇರಲಿ. ಇಬ್ಬರು ಮಕ್ಕಳಿದ್ದರೆ ಎರಡು ಚಿತ್ರ ಮಾಡಿ, ಒಂದರ ತುಂಡುಗಳ ಹಿಂದೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ಹಸಿರು. ಒಂದೇ ಕೊಟ್ಟರೆ ದೊಡ್ಡವಳು ಬೇಗ ಮುಗಿಸಿ ಕೂಗಿಬಿಡುತ್ತಾಳೆ, ಚಿಕ್ಕವನಿಗೆ ಸುದ್ದಿಯೂ ಸಿಕ್ಕಿತು ಅಳುವೂ ಸಿಕ್ಕಿತು.

ಚಿತ್ರ ಆರಿಸುವಾಗ ಒಂದು ಎಚ್ಚರ. ಹೋಗುವ ಕಾಲದಲ್ಲಿ ಕಣ್ಣಿಗೆ ಕಾಣುವುದನ್ನೇ ತೋರಿಸಿ. ಜುಲೈ-ಆಗಸ್ಟಿನ ಭೋರ್ಗರೆಯುವ ಜೋಗದ ಚಿತ್ರ ಜೋಡಿಸಿದ ಮಗು ಮೇ ತಿಂಗಳಲ್ಲಿ ಹೋದರೆ ಬಂಡೆಯ ಮೇಲೆ ಸಣ್ಣ ಎಳೆಗಳಷ್ಟೇ ಕಾಣುತ್ತವೆ. ಶರಾವತಿಯ ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. ಹಾಗೆಯೇ ಮಳೆಗಾಲದಲ್ಲಿ ಕಡಲಿಗಿಳಿಯುವುದು ಅಪಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವುದಾದರೆ "ಅಲೆಯಲ್ಲಿ ಆಡಬಹುದು" ಎಂದು ಚೀಟಿಯಲ್ಲಿ ಬರೆಯಲೇಬೇಡಿ.

ಓಡಾಡುವ ಮಕ್ಕಳಿಗೆ ಚೀಟಿ ಹುಡುಕುವ ಆಟವೇ ಸರಿ. ಐದು ಚೀಟಿ ಸಾಕು, ಅದಕ್ಕಿಂತ ಹೆಚ್ಚಾದರೆ ಆಸಕ್ತಿ ಸೋರುತ್ತದೆ. ಚಪ್ಪಲಿ ಗೂಡು, ಸೈಕಲ್ ಸೀಟಿನಡಿ, ರಾಗಿ ಡಬ್ಬದ ಹಿಂದೆ, ತುಳಸಿ ಕಟ್ಟೆ, ಕೊನೆಗೆ ಉಪ್ಪಿನ ಭರಣಿ. ಸಂಪಿನ ಮುಚ್ಚಳ, ಒಲೆಯ ಪಕ್ಕ, ಅಟ್ಟ ಇವು ಬೇಡವೇ ಬೇಡ. ಅವಸರದಲ್ಲಿ ಮಕ್ಕಳು ಏನು ಎತ್ತುತ್ತಾರೆ, ಎಲ್ಲಿ ಹತ್ತುತ್ತಾರೆ ಹೇಳಲಾಗದು. ಭರಣಿಗೆ ಕಳಿಸುವ ಚೀಟಿಯಲ್ಲಿ ಒಗಟು ಹಾಕಿ: "ನೀರಲ್ಲಿ ಹುಟ್ತೀನಿ, ನೀರಿಗೆ ಬಿದ್ರೆ ಇಲ್ಲವಾಗ್ತೀನಿ, ನಾನಿಲ್ಲದ ಸಾರನ್ನ ಯಾರೂ ಮುಟ್ಟಲ್ಲ." ಕಲ್ಲುಪ್ಪು ತೇವ ಎಳೆದು ಶಾಯಿಯನ್ನು ಕದಡುತ್ತದೆ, ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹುದುಗಿಸಿ. ಅದರೊಳಗೆ ಬರೆಯುವುದಿಷ್ಟೇ: "ಈ ಉಪ್ಪು ಹುಟ್ಟೋ ಜಾಗಕ್ಕೆ ಹೋಗ್ತಿದ್ದೀವಿ", ಕೆಳಗೆ ತಾರೀಖು. ಕುಮಟಾದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳೇ ಇವೆ, ಬೇಸಿಗೆಯಲ್ಲಿ ಹೋದರೆ ತೋರಿಸಿ. ಓದಲು ಬಾರದ ಮಗುವಿಗೆ ಪದದ ಬದಲು ಚಿತ್ರ ಬರೆಯಿರಿ.

ಆಟ ಇಡುವುದು ಬೆಳಗಿನ ತಿಂಡಿ ಮುಗಿದ ಮೇಲೆ, ಭಾನುವಾರ ಅಥವಾ ಪರೀಕ್ಷೆ ಮುಗಿದ ಮರುದಿನ. ರಾತ್ರಿ ಹೇಳಿದರೆ ಮನೆಯಲ್ಲಿ ಯಾರೂ ಮಲಗುವುದಿಲ್ಲ. ದೊಡ್ಡ ಡಬ್ಬ ಕಟ್ಟಿ ಕೊಡಬೇಡಿ. ಸೈಕಲ್ಲೋ ಟ್ಯಾಬೋ ಇರಬಹುದೆಂದು ಆಸೆಪಟ್ಟ ಮಗುವಿಗೆ ಒಳಗಿನ ಕಾಗದ ನಿರಾಸೆ ತರುತ್ತದೆ. "ಈ ವರ್ಷ ಎಲ್ಲೂ ಹೋಗಲ್ಲ" ಎಂದು ಮೊದಲು ಅಳಿಸುವುದು, "ಸೂಜಿ ಚುಚ್ಚಿಸೋಕೆ ಹೋಗ್ತಿದ್ದೀವಿ" ಎಂದು ಹೆದರಿಸುವುದು ಕ್ರೌರ್ಯ. ವಿಡಿಯೊ ಬೇಕೆಂದರೆ ಫೋನನ್ನು ಷೆಲ್ಫಿನ ಮೇಲೆ ನಿಲ್ಲಿಸಿ ಮರೆತುಬಿಡಿ. ಕೆಲವು ಮಕ್ಕಳು ಕುಣಿಯುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ, ಅರ್ಧ ಗಂಟೆಯ ನಂತರ ಪ್ರಶ್ನೆಗಳ ಮಳೆ ಸುರಿಸುತ್ತಾರೆ. ಇನ್ನೊಂದು ಸಲ ಕುಣಿದು ತೋರಿಸು ಅನ್ನಬೇಡಿ.

ಸುದ್ದಿ ಹೇಳಿದ ದಿನವೇ ನಕ್ಷೆ ಹರಡಿ, ಹೆದ್ದಾರಿ 69ನ್ನು ನಿಮ್ಮೂರಿನಿಂದ ಕಡಲತನಕ ಬಣ್ಣದ ಪೆನ್ಸಿಲಿನಲ್ಲಿ ಮಕ್ಕಳೇ ತೀಡಲಿ. ತುಮಕೂರು ಪಟ್ಟಣದವರು ತಿಪಟೂರು, ಅರಸೀಕೆರೆ ಮೇಲಿಂದ ಹೋಗಿ ಬಾಣಾವರದಲ್ಲಿ ಆ ದಾರಿ ಸೇರಬಹುದು. ಚಿಕ್ಕಬಳ್ಳಾಪುರದಿಂದ ದೂರ 400 ಕಿ.ಮೀ. ಮೀರುತ್ತದೆ, ಒಂದೇ ಉಸಿರಿಗೆ ಹೋಗುವುದಕ್ಕಿಂತ ಶಿವಮೊಗ್ಗ ಅಥವಾ ಸಾಗರದಲ್ಲಿ ರಾತ್ರಿ ತಂಗುವುದು ಮೇಲು. ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿ ಬಯಲುಸೀಮೆಯ ಮಕ್ಕಳಿಗೆ ವಾಂತಿ ಸಾಮಾನ್ಯ. ಘಟ್ಟಕ್ಕೆ ಮುಂಚೆ ಎರಡು ಇಡ್ಲಿಯಷ್ಟು ಹಗುರ ತಿಂಡಿ ಕೊಡಿ, ಹೊಟ್ಟೆ ಬರಿದೂ ಇರಬಾರದು. ಪುಸ್ತಕ, ಮೊಬೈಲ್ ತೆಗೆದಿಡಿ, ಕಿಟಕಿಯಿಂದ ದೂರ ನೋಡಲಿ. ಮಾತ್ರೆ ಬೇಕಾದರೆ ಮಗುವಿನ ತೂಕ ಹೇಳಿ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೇಳಿದ ಮೇಲೆ ಜ್ವರವೋ ಸಾವೋ ಬಂದು ಪ್ರವಾಸ ನಿಂತರೆ, ಗೊತ್ತಾದ ದಿನವೇ, ಕಾರಣ ಸಮೇತ, ಕೂರಿಸಿಕೊಂಡು ಹೇಳಿ. ಹೊಸ ಟಿಕೆಟ್ ಕೈಗೆ ಬರುವ ಮುಂಚೆ ಹೊಸ ತಾರೀಖು ಕೊಡಬೇಡಿ.