ಬೀಗ ಗಟ್ಟಿ, ದಾರಂದ ಟೊಳ್ಳು

ಕಳ್ಳರು ನುಗ್ಗಿದ ಮನೆಯ ಮುಂಬಾಗಿಲನ್ನು ಸ್ವಲ್ಪ ಬಗ್ಗಿ ನೋಡಿ. ಹೆಚ್ಚಿನ ಕಡೆ ಬೀಗಕ್ಕೆ ಗೀರು ಕೂಡ ಬಿದ್ದಿರುವುದಿಲ್ಲ. ಬೀಗದಿಂದ ಹೊರಬರುವ ನಾಲಗೆ ಚಾಚಿದಂತೆಯೇ ಇರುತ್ತದೆ, ಕೀ ಹಾಕಿದರೆ ಸಲೀಸಾಗಿ ತಿರುಗುತ್ತದೆ. ಸೀಳಿದ್ದು ದಾರಂದದ (ಬಾಗಿಲ ಚೌಕಟ್ಟಿನ) ಮರ, ಕಿತ್ತು ಬಂದದ್ದು ಮುಕ್ಕಾಲು ಇಂಚಿನ ಸ್ಕ್ರೂಗಳು. ಆಮೇಲೆ ಮನೆಯವರು ಮಂಗಳೂರಿಗೆ ಹೋಗಿ ಇನ್ನೂ ದುಬಾರಿ ಬೀಗ ತರುತ್ತಾರೆ. ಆಚಾರಿ ಬಂದು ಅದನ್ನು ಅದೇ ದಾರಂದಕ್ಕೆ, ಅದೇ ಮುಕ್ಕಾಲು ಇಂಚಿನ ಸ್ಕ್ರೂವಿನಲ್ಲಿ ಕೂರಿಸಿ ಹೋಗುತ್ತಾರೆ.

ಬೀಗ ಬಿಡಿಸುವ ವಿದ್ಯೆ ಇಲ್ಲವೆಂದಲ್ಲ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಎ. ಸಿ. ಹಾಬ್ಸ್ ಎಂಬಾತ, ಯಾರಿಂದಲೂ ಬಿಡಿಸಲಾಗದು ಎಂದು ಹೆಸರಾಗಿದ್ದ ಚಬ್ ಕಂಪನಿಯ ಲಿವರ್ ಬೀಗವನ್ನು (ಲಿವರ್ ಎಂದರೆ ಕೀ ಎತ್ತುವ ಒಳಪಟ್ಟಿ) ಸುಮಾರು 25 ನಿಮಿಷದಲ್ಲಿ ತೆರೆದು ತೋರಿಸಿದ. ಬ್ರಾಮಾ ಕಂಪನಿಯ ಬೀಗಕ್ಕೆ ಮಾತ್ರ 16 ದಿನ ಹಿಡಿಯಿತು, ಕೆಲಸದ ಗಂಟೆ ಲೆಕ್ಕ ಹಾಕಿದರೆ ಐವತ್ತರ ಮೇಲೆ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಅಡಕೆ ತೋಟದ ನಡುವೆ ಒಂಟಿಯಾಗಿ ನಿಂತ ಮನೆಗೆ ರಾತ್ರಿ ಬರುವವನಿಗೆ ಅಷ್ಟು ವ್ಯವಧಾನವೂ ಇಲ್ಲ, ಅದರ ಅಗತ್ಯವೂ ಇಲ್ಲ. ಕೈಯಲ್ಲಿ ಒಂದು ಕಂಬಿಪಾರೆ ಇದ್ದರೆ ಸಾಕು. ಎಷ್ಟೋ ಸಲ ಅದನ್ನೂ ಹೊತ್ತು ತರಬೇಕಿಲ್ಲ, ನಮ್ಮದೇ ಕೊಟ್ಟಿಗೆಯಲ್ಲಿ ಪಾರೆ, ಪಿಕ್ಕಾಸು ಎರಡೂ ಒರಗಿಸಿಟ್ಟಿರುತ್ತವೆ. ಮನೆಯ ಭದ್ರತೆಗೆಂದು ಒಂದು ಪೈಸೆ ಖರ್ಚು ಮಾಡುವ ಮೊದಲು ಅವನ್ನು ಒಳಗಿಟ್ಟು ಬೀಗ ಹಾಕಿ. ತೋಟದ ಏಣಿಯನ್ನೂ ಮರೆಯಬೇಡಿ.

ಪಾರೆಯ ಲೆಕ್ಕ ಸರಳ. 75 ಸೆಂ.ಮೀ. ಉದ್ದದ ಪಾರೆಯ ತುದಿ ಎರಡೂವರೆ ಸೆಂ.ಮೀ.ಯಷ್ಟು ಸಂದಿನೊಳಗೆ ಕೂತರೆ, ಇನ್ನೊಂದು ತುದಿಯಲ್ಲಿ ಒತ್ತಿದ ಬಲ ಸಂದಿನಲ್ಲಿ ಸುಮಾರು 30 ಪಟ್ಟಾಗುತ್ತದೆ. ಕೈಯಿಂದ 30 ಕಿಲೋ ಒತ್ತಿದರೆ ಅಲ್ಲಿ ಬೀಳುವುದು 900 ಕಿಲೋ. ಅದನ್ನು ತಡೆಯಬೇಕಾದದ್ದು ಯಾವುದು? ಬಾಗಿಲು 35 ಮಿ.ಮೀ. ದಪ್ಪ, ಬೀಗದ ನಾಲಗೆ 12 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. ದಾರಂದದಲ್ಲಿ ನಾಲಗೆಗೆಂದು ಕೊರೆದ ತೂತಿನಿಂದ ಒಳಬದಿಯ ಅಂಚಿಗೆ ಉಳಿಯುವ ಮರ ಹನ್ನೊಂದೂವರೆ ಮಿ.ಮೀ. ಅಷ್ಟೆ. ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನಿಂದ ಒತ್ತಿದಾಗ ಪೂರ್ತಿ ಭಾರ ಬೀಳುವುದು ಆ ಕಿರುಬೆರಳ ದಪ್ಪದ ಪಟ್ಟಿಯ ಮೇಲೆ. ಅದರ ನಾರು ಮೇಲಿಂದ ಕೆಳಕ್ಕೆ ಓಡುವುದರಿಂದ ಕಟ್ಟಿಗೆ ಸೀಳಿದ ಹಾಗೆ ಉದ್ದಕ್ಕೆ ಸೀಳಿ ಬರುತ್ತದೆ. ತೇಗವಾದರೂ ಹಲಸಾದರೂ ಕತೆ ಒಂದೇ. ಗೆದ್ದಲು ಹಿಡಿದ ದಾರಂದವಾದರೆ ಪಾರೆಯೂ ಬೇಡ, ಒಂದು ಒದೆತ ಸಾಕು.

ಹಾಗಾಗಿ ಮೊದಲ ದುಡ್ಡು ಇಲ್ಲಿಗೆ. ವೆಲ್ಡಿಂಗ್ ಶಾಪಿನಲ್ಲಿ 3 ಮಿ.ಮೀ. ದಪ್ಪದ ಕಬ್ಬಿಣದ ತಗಡನ್ನು 40 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಎಲ್ ಆಕಾರಕ್ಕೆ ಮಡಚಿಸಿಕೊಳ್ಳಿ. ಒಂದು ಮಗ್ಗುಲು 33 ಮಿ.ಮೀ., ಇನ್ನೊಂದು 40. ಚಿಕ್ಕ ಮಗ್ಗುಲು ಬಾಗಿಲು ಕೂರುವ ಪಡಿಯೊಳಗೆ ಬರಬೇಕು, ನಾಲಗೆಯ ತೂತು ಅದರಲ್ಲೇ. ದೊಡ್ಡದು ದಾರಂದದ ಒಳಮುಖಕ್ಕೆ ಮಡಚಿ ಕೂರುತ್ತದೆ. ಪಡಿಯೊಳಗಿನ ಮಗ್ಗುಲಿಗೆ 3 ಮಿ.ಮೀ. ಆಳ ಉಳಿಯಿಂದ ಕೆತ್ತದಿದ್ದರೆ ಬಾಗಿಲು ಮುಚ್ಚುವುದಿಲ್ಲ. ಆಚಾರಿಗಳು ಅವಸರದಲ್ಲಿ ತಪ್ಪಿಸುವ ಕೆಲಸ ಇದೇ. ಮೂರು ಇಂಚಿನ ದಾರಂದದಲ್ಲಿ ಪಡಿ ಕಡಿದ ಮೇಲೆ ಗೋಡೆಯವರೆಗೆ 60 ಮಿ.ಮೀ. ಚಿಲ್ಲರೆ ಮರ ಉಳಿದಿರುತ್ತದೆ, ಆದ್ದರಿಂದ 5 ಮಿ.ಮೀ. ದಪ್ಪದ, 60 ಮಿ.ಮೀ. ಉದ್ದದ ಸ್ಕ್ರೂ ಸರಿಯಾಗುತ್ತದೆ. ಒಂದೊಂದು ಮಗ್ಗುಲಿಗೆ ನಾಲ್ಕು, ಒಂದೇ ಗೆರೆಯಲ್ಲಿ ಬೇಡ, ಆಚೀಚೆ ತಪ್ಪಿಸಿ. ಮೊದಲು ಮೂರೂವರೆ ಮಿ.ಮೀ. ಬಿಟ್‌ನಿಂದ ತೂತು ಕೊರೆದೇ ಹಾಕಿಸಿ. ಒಣಗಿದ ಹಲಸಿಗೆ ನೇರವಾಗಿ ಸ್ಕ್ರೂ ಇಳಿಸಿದರೆ ಮರ ಬಿರಿಯುತ್ತದೆ, ಬಲಪಡಿಸಲು ಹೋಗಿ ಕಳ್ಳನ ಅರ್ಧ ಕೆಲಸ ನಾವೇ ಮಾಡಿಕೊಟ್ಟಂತೆ. ಸ್ಕ್ರೂವಿಗೆ ಸಾಬೂನು ಸವರಿದರೆ ಸುಲಭವಾಗಿ ಇಳಿಯುತ್ತದೆ.

ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲೂ ‘ಮೂರು ಇಂಚಿನ ಸ್ಕ್ರೂ ಹಾಕಿ, ಅದು ಗೋಡೆಯೊಳಗಿನ ಮರಕ್ಕೆ ಹಿಡಿಯುತ್ತದೆ’ ಎಂಬ ಸಲಹೆ ಸಿಗುತ್ತದೆ. ಅದು ಮರದ ಗೋಡೆಯ ದೇಶಗಳ ಮಾತು. ನಮ್ಮ ಗೋಡೆ ಕೆಂಪುಕಲ್ಲಿನದು, ಸ್ಕ್ರೂವಿನ ತುದಿ ಅದರೊಳಗೆ ಪುಡಿಯಲ್ಲಿ ತಿರುಗುತ್ತದೆಯೇ ಹೊರತು ಹಿಡಿಯುವುದಿಲ್ಲ. ದಾರಂದವೇ ಗೋಡೆಯಿಂದ ಸಡಿಲವಾಗಿದ್ದರೆ (ಭುಜ ಕೊಟ್ಟು ಒತ್ತಿದಾಗ ಪಕ್ಕದ ಸಾರಣೆಯಲ್ಲಿ ಬಿರುಕು ಬಾಯಿ ಬಿಡುತ್ತದೆ) ಪ್ರತಿ ಬದಿಗೆ ಮೂರು ಕಡೆ ದಾರಂದದ ಮೂಲಕ 14 ಮಿ.ಮೀ. ತೂತು ಕೊರೆದು, ಇಪಾಕ್ಸಿ ಅಂಟು ತುಂಬಿ, ಕಲ್ಲಿನೊಳಗೆ 15 ಸೆಂ.ಮೀ. ಇಳಿಯುವಂತೆ 10 ಮಿ.ಮೀ. ಥ್ರೆಡ್ ರಾಡ್ (ಸ್ಕ್ರೂವಿನಂತೆ ಎಳೆ ಇರುವ ಕಬ್ಬಿಣದ ಸರಳು) ಕೂರಿಸಬೇಕು. ಹೊಡೆದು ಬಿಗಿಯುವ ಆ್ಯಂಕರ್ ಬೋಲ್ಟ್ ಕಾಂಕ್ರೀಟಿಗೆ ಸರಿ. ಕೆಂಪುಕಲ್ಲಿನಲ್ಲಿ ಅದು ಅಗಲವಾಗುತ್ತಿದ್ದಂತೆ ಸುತ್ತಲಿನ ಕಲ್ಲೇ ಉದುರುತ್ತದೆ. ಇಪಾಕ್ಸಿಗೂ ಒಂದು ಶರತ್ತು ಇದೆ: ತೂತಿನ ಕೆಂಪು ಪುಡಿಯನ್ನು ಸೈಕಲ್ ಪಂಪಿನಿಂದ ಪೂರ್ತಿ ಊದಿ ತೆಗೆಯಬೇಕು. ಪುಡಿ ಉಳಿದರೆ ಅಂಟು ಪುಡಿಯನ್ನು ಹಿಡಿಯುತ್ತದೆ, ಕಲ್ಲನ್ನಲ್ಲ.

ಮಳೆಗಾಲದ್ದು ಬೇರೆಯೇ ರಗಳೆ. ಆಷಾಢದಲ್ಲಿ ಬಾಗಿಲು ನೀರು ಕುಡಿದು ಉಬ್ಬುತ್ತದೆ, ನಾಲಗೆ ತೂತಿಗೆ ಸರಿಯಾಗಿ ಬೀಳುವುದಿಲ್ಲ. ಆಗ ಅರದಿಂದ ತೂತನ್ನು ಉಜ್ಜಿ ದೊಡ್ಡದು ಮಾಡುತ್ತೇವೆ. ಮಾಘದ ಹೊತ್ತಿಗೆ ಮರ ಒಣಗಿ ಕುಗ್ಗುತ್ತದೆ, ಬಾಗಿಲು ತೂತಿನೊಳಗೆ ಗಡಗಡ ಅಲುಗುತ್ತದೆ, ಸಂದಿನಲ್ಲಿ ಪಾರೆಯ ತುದಿ ಹೊಗುವಷ್ಟು ಜಾಗ. ಅಳೆಯಲು ಹಳೆಯ ಎಟಿಎಂ ಕಾರ್ಡುಗಳು ಸಾಕು. ನಾಲ್ಕು ಕಾರ್ಡು ಜೋಡಿಸಿದರೆ 3 ಮಿ.ಮೀ. ಆಗುತ್ತದೆ. ಮುಚ್ಚಿದ ಬಾಗಿಲಿನ ಸಂದಿನಲ್ಲಿ ನಾಲ್ಕೂ ಒಟ್ಟಿಗೆ ತೂರಿದರೆ ಸಂದು ಮಿತಿಗೆ ಬಂದಿದೆ. ಐದನೆಯದೂ ಹೋದರೆ ಅಂಚಿಗೆ ರೀಪು ಕೂಡಿಸಬೇಕು. ಉಬ್ಬಿದ ಬಾಗಿಲಿಗೆ ಮದ್ದು ಅರವಲ್ಲ, ಕೀಸುಳಿ. ಅಂಚನ್ನು ಕೀಸಿ, ಕೂಡಲೇ ಪೈಂಟ್ ಕೊಡಬೇಕು, ಕಣ್ಣಿಗೆ ಬೀಳದ ಮೇಲಂಚು ಕೆಳಂಚುಗಳಿಗೂ. ನೀರು ಏರುವುದು ಅಲ್ಲಿಂದಲೇ.

ಇನ್ನೊಂದು ಪರೀಕ್ಷೆ. ಹಿಡಿಸೂಡಿಯ ಒಂದು ಕಡ್ಡಿಯನ್ನು ನಾಲಗೆಯ ತೂತಿಗೆ ತೂರಿಸಿ, ಎಲ್ಲಿಗೆ ತಾಗಿತೋ ಅಲ್ಲಿ ಉಗುರಿನಿಂದ ಗುರುತು ಮಾಡಿ ಅಳೆಯಿರಿ. ಎರಡು ಸುತ್ತು ತಿರುಗಿಸಿದಾಗ ನಾಲಗೆ 20 ಮಿ.ಮೀ. ಹೊರಬರುವ ಬೀಗಕ್ಕೆ ತೂತು 12 ಮಿ.ಮೀ. ಮಾತ್ರ ಇದ್ದರೆ, ನೀವು ದಿನಾ ರಾತ್ರಿ ಹಾಕುತ್ತಿರುವುದು ಅರ್ಧ ಬೀಗ. ಅರ್ಧ ಚಾಚಿದ ನಾಲಗೆ ಹಿಂದಕ್ಕೆ ಸರಿಯದಂತೆ ಲಾಕ್ ಆಗಿರುತ್ತದೆ ಎನ್ನುವ ಭರವಸೆ ಇಲ್ಲ. ಇನ್ನು ಬಾಗಿಲು ಎಳೆದಾಗ ‘ಟಕ್’ ಎಂದು ತಾನಾಗಿ ಬೀಳುವ ಓರೆ ನಾಲಗೆಯನ್ನು ಬೀಗವೆಂದು ಲೆಕ್ಕಕ್ಕೇ ಹಿಡಿಯಬೇಡಿ. ಅದು ಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಇರುವುದು.

ಕೀ ಹೋಗುವ ಸಿಲಿಂಡರ್ ಬಗ್ಗೆ. ಹೊಸ ಮನೆಗಳಲ್ಲಿ ಎರಡೂ ಕಡೆ ಕೀ ಹಾಕುವ ಉದ್ದನೆಯ ಸಿಲಿಂಡರ್ ಸಾಮಾನ್ಯ. ಅದರ ನಡುವೆ, ಹಿಡಿದು ನಿಲ್ಲಿಸುವ 5 ಮಿ.ಮೀ. ಸ್ಕ್ರೂ ಹಾಯುವ ಜಾಗದಲ್ಲಿ, ಹಿತ್ತಾಳೆ ಬಹಳ ತೆಳು. ಹೊರಬದಿಯಲ್ಲಿ ಸಿಲಿಂಡರ್ ಹ್ಯಾಂಡಲ್ ಪ್ಲೇಟಿನಿಂದ 3 ಮಿ.ಮೀ.ಗಿಂತ ಹೆಚ್ಚು ಚಾಚಿಕೊಂಡಿದ್ದರೆ ಹಿಡಿದು ಮುರಿಯಲು ಪಿಡಿ ಕೊಟ್ಟ ಹಾಗೆ. ಅಂಗಡಿಯವರು 60 ಮಿ.ಮೀ.ಯದು ಇಲ್ಲವೆಂದು 70ರದ್ದು ಕೊಟ್ಟು ಕಳಿಸುವುದುಂಟು, ತರಬೇಡಿ. ಸ್ಕ್ರೂ ತೂತಿನ ನಡುವಿನಿಂದ ಹೊರಗಿನ ಪ್ಲೇಟಿನ ಮೇಲ್ಮೈವರೆಗೆ ಒಂದು ಅಳತೆ, ಒಳಗಿನದರವರೆಗೆ ಇನ್ನೊಂದು. 30–30, 30–40 ಹೀಗೆ ಬೇರೆ ಬೇರೆ ಸಿಗುತ್ತವೆ. ಪ್ಲೇಟಿನ ಸ್ಕ್ರೂಗಳ ತಲೆ ಹೊರಗೆ ಕಾಣುವಂತಿದ್ದರೆ ಅದನ್ನೂ ಬದಲಿಸಿ. ಮನೆ ಒಕ್ಕಲಾದ ಮರುದಿನವೇ ಸಿಲಿಂಡರ್ ಬದಲಿಸುವುದು ಒಳ್ಳೆಯದು. ಕಟ್ಟುವಾಗ ಆ ಕೀ ಮೇಸ್ತ್ರಿಯಿಂದ ಪೈಂಟಿನವರವರೆಗೆ ಎಷ್ಟು ಕೈ ದಾಟಿದೆ ಎಂದು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಬೇರೆಯವರನ್ನು ಅನುಮಾನಿಸುವ ಮಾತಲ್ಲ ಇದು, ಇಡೀ ಬೀಗ ಬೇಡ, ಒಂದು ಸ್ಕ್ರೂ ಬಿಚ್ಚಿದರೆ ಸಿಲಿಂಡರ್ ಕೈಗೆ ಬರುತ್ತದೆ.

ಬೀಗ ಬಿಗಿಯಾದರೆ ತೆಂಗಿನೆಣ್ಣೆ ಬಿಡುವುದು ನಮ್ಮ ರೂಢಿ. ಎರಡು ದಿನ ಚೆನ್ನಾಗಿ ತಿರುಗುತ್ತದೆ, ಆಮೇಲೆ ಎಣ್ಣೆ ಧೂಳು ಹಿಡಿದು ಅಂಟಾಗಿ ಪಿನ್ನುಗಳು ಸಿಕ್ಕಿಕೊಳ್ಳುತ್ತವೆ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಯ ತುಕ್ಕು ಬೇರೆ. ಗ್ರಾಫೈಟ್ ಪುಡಿ ಹಾಕಿ. ಸಿಗದಿದ್ದರೆ 6ಬಿ ಪೆನ್ಸಿಲನ್ನು ಕೀಯ ಹಲ್ಲಿಗೆ ಚೆನ್ನಾಗಿ ಉಜ್ಜಿ ನಾಲ್ಕೈದು ಸಲ ಒಳಗೆ ಹೊರಗೆ ಮಾಡಿದರೆ ಆಯಿತು.

ತೂಗುಬೀಗಕ್ಕೆ ಬರೋಣ. ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು, ಅಲಿಗಢದ ಬೀಗಕ್ಕೆ ದೇಶವೆಲ್ಲ ಹೆಸರು. ಆದರೆ ಎಂತಹ ಬೀಗವನ್ನೇ ತನ್ನಿ, ಅದು ನೇತಾಡುವುದು ಬಾಗಿಲ ಅಡ್ಡ ಚಿಲಕದ, ಅಂದರೆ ಆಲ್ಡ್ರಾಪ್‌ನ ಕೊಂಡಿಯಲ್ಲಿ, ಆ ಕೊಂಡಿ ನಿಂತಿರುವುದು ಹೊರಗೆ ಕಾಣುವ ಸ್ಕ್ರೂಗಳಲ್ಲಿ. ಎಂಟು ಲಿವರಿನ ಬೀಗ ಹಾಕಿದ ಬಾಗಿಲನ್ನು ಸ್ಕ್ರೂಡ್ರೈವರಿನಿಂದ ಬಿಚ್ಚಬಹುದು ಎಂದರೆ ಲಿವರುಗಳನ್ನು ಎಣಿಸಿ ಏನು ಸುಖ? ಆ ಸ್ಕ್ರೂಗಳನ್ನೆಲ್ಲ ತೆಗೆಸಿ, ಗುಂಡು ತಲೆಯ 6 ಮಿ.ಮೀ. ಬೋಲ್ಟನ್ನು ಹೊರಗಿನಿಂದ ಬಾಗಿಲಿನ ಆಚೆವರೆಗೆ ತೂರಿಸಿ, ಒಳಗೆ ದೊಡ್ಡ ವಾಷರ್, ನಟ್ ಹಾಕಿ ಬಿಗಿಸಿ. ನಟ್ಟಿನಿಂದ ಹೊರಬಂದ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದರೆ ಮುಗಿಯಿತು. ಬೀಗದ ಬಳೆ ಕೊಂಡಿಯ ತೂತನ್ನು ತುಂಬುವಷ್ಟು ದಪ್ಪವಿರಲಿ, 10 ಮಿ.ಮೀ.ಗೆ ಕಡಿಮೆ ಬೇಡ, ಗಿಡ್ಡವಿದ್ದಷ್ಟೂ ಒಳ್ಳೆಯದು. ಬಳೆಗೂ ಕೊಂಡಿಗೂ ನಡುವೆ ಬೆರಳು ಹೋದರೆ ಸರಳೂ ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮನೆಗಳಲ್ಲೂ ಹಿತ್ತಿಲ ಬಾಗಿಲು ಮಾತ್ರ ಅನಾಥ. ಮುಂದೆ ಕೆತ್ತನೆಯ ತೇಗ, ಹಿಂದೆ ಅಡುಗೆಮನೆಗೆ ತಾಗಿದ ವರ್ಕ್ ಏರಿಯಾಕ್ಕೆ ಪಿವಿಸಿ ಬಾಗಿಲು, ಅದಕ್ಕೆ ಆರು ಇಂಚಿನ ಅಲ್ಯೂಮಿನಿಯಂ ಬೋಲ್ಟು! ಬಾವಿ, ಬಚ್ಚಲ ಕಡೆಯ ಕತ್ತಲಲ್ಲಿ ಎಷ್ಟು ಹೊತ್ತು ನಿಂತು ಒಡೆದರೂ ಮಾರ್ಗಕ್ಕೆ ಕಾಣುವುದಿಲ್ಲ, ಹಂಚಿನ ಮೇಲೆ ಜಡಿಮಳೆ ಹೊಯ್ಯುವಾಗ ಒಳಗೆ ಮಲಗಿದವರಿಗೂ ಕೇಳುವುದಿಲ್ಲ. ವರ್ಕ್ ಏರಿಯಾ ಮತ್ತು ಅಡುಗೆಮನೆಯ ನಡುವಿನ ಬಾಗಿಲನ್ನೇ ನಿಜವಾದ ಹೊರಬಾಗಿಲೆಂದು ತಿಳಿದು ಗಟ್ಟಿ ಮಾಡಿ. ಅದಕ್ಕೆ ಹಳೆಮನೆಗಳ ಅಗುಳಿಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಗೋಡೆಯೊಳಗಿಂದ ಎಳೆದು ಅಡ್ಡ ಹಾಕುತ್ತಿದ್ದ ಆ ಮರದ ತೊಲೆಗೆ ಸ್ಕ್ರೂ ಇಲ್ಲ, ನಾಲಗೆ ಇಲ್ಲ, ಭಾರವೆಲ್ಲ ಗೋಡೆಗೆ. ಈಗ ಅದನ್ನೇ 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯಲ್ಲಿ ಮಾಡಿಸಬಹುದು. ಪಟ್ಟಿ ಕೂರುವ ಕೊಕ್ಕೆಗಳನ್ನು ದಾರಂದಕ್ಕಲ್ಲ, ಗೋಡೆಗೆ, ಮೇಲೆ ಹೇಳಿದ ಇಪಾಕ್ಸಿ ರಾಡಿನಿಂದ ಕೂರಿಸಿ. ಎರಡು ಕದದ ಬಾಗಿಲಿಗಂತೂ ಇದು ಬೇಕೇ ಬೇಕು, ಏಕೆಂದರೆ ಮುಚ್ಚಿದ ಕದವನ್ನು ಹಿಡಿದಿರುವುದು ಮೇಲೊಂದು ಕೆಳಗೊಂದು ಚಿಲಕ, ಕೆಳಗಿನ ಚಿಲಕದ ತೂತಿನಲ್ಲಿ ಗುಡಿಸಿದ ಕಸ ತುಂಬಿ ಅರ್ಧ ಇಂಚೂ ಇಳಿದಿರುವುದಿಲ್ಲ. ಒಂದು ಎಚ್ಚರಿಕೆ: ಒಳಗಿನಿಂದ ಪಟ್ಟಿಗೆ ಬೀಗ ಜಡಿಯಬೇಡಿ. ಗ್ಯಾಸಿಗೆ ಬೆಂಕಿ ಹತ್ತಿದ ರಾತ್ರಿ ಅಜ್ಜಿ ಕೈಯಿಂದಲೇ ಎತ್ತಿ ತೆಗೆಯುವಂತಿರಬೇಕು.

ಹೊರಕ್ಕೆ ತೆರೆಯುವ ಬಾಗಿಲಿನ ಬಿಜಾಗರಿಗಳು ಹೊರಗೇ ಇರುತ್ತವೆ, ಅವುಗಳ ನಡುವಿನ ಕಡ್ಡಿ ಹೊಡೆದು ತೆಗೆದರೆ ಬಾಗಿಲು ಬೀಗದ ಸಮೇತ ಕೈಗೆ ಬರುತ್ತದೆ. ಬಿಜಾಗರಿ ಬದಿಯ ದಾರಂದಕ್ಕೆ 75 ಮಿ.ಮೀ. ಉದ್ದದ ದಪ್ಪ ಸ್ಕ್ರೂ ಒಂದನ್ನು 12 ಮಿ.ಮೀ. ಹೊರಗುಳಿಯುವಂತೆ ಇಳಿಸಿ, ತಲೆ ಕತ್ತರಿಸಿ, ಎದುರಿನ ಬಾಗಿಲಂಚಿನಲ್ಲಿ 15 ಮಿ.ಮೀ. ಆಳದ ತೂತು ಕೊರೆಯಿರಿ. ಬಾಗಿಲು ಮುಚ್ಚಿದಾಗ ಸ್ಕ್ರೂ ಅದರೊಳಗೆ ಕೂರುತ್ತದೆ, ಬಿಜಾಗರಿ ಹೋದರೂ ಬಾಗಿಲು ಜಾರದು. ಮೇಲೊಂದು, ಕೆಳಗೊಂದು ಸಾಕು.

ಬಾಗಿಲ ಪಕ್ಕದ ಕಿಟಕಿಯಿಂದ ಕೈ ಹಾಕಿದರೆ ಚಿಲಕ ಸಿಗುತ್ತದೆಯೇ ಎಂದು ನೀವೇ ಹೊರಗೆ ನಿಂತು ಕೈ ಹಾಕಿ ನೋಡಿ. ಸೆಕೆಗೆ ಕಿಟಕಿ ತೆರೆದು ಮಲಗುವ ಊರು ನಮ್ಮದು. ಹಂಚಿನ ಮನೆಯಾದರೆ ತಲೆಯ ಮೇಲೆಯೂ ಒಂದು ಬಾಗಿಲಿದೆ ಎಂದೇ ತಿಳಿಯಿರಿ. ಹಂಚುಗಳನ್ನು ರೀಪಿನ ಮೇಲೆ ಬರೀ ಇಟ್ಟಿರುವುದು, ಎತ್ತಿದರೆ ಬಂದವು. ಮುಚ್ಚಿಗೆ ಇಲ್ಲದ ಕೋಣೆಗಳಿಗೆ, ಕನಿಷ್ಠ ಕಪಾಟು ಇರುವ ಕೋಣೆಗೆ, ಪಕ್ಕಾಸುಗಳ ಅಡಿಯಿಂದ ಬೆಸೆದ ಕಬ್ಬಿಣದ ತಂತಿಬಲೆ, ಅಂದರೆ ವೆಲ್ಡ್‌ಮೆಷ್ ಹೊಡೆಸಿ.

ಡಿಜಿಟಲ್ ಬೀಗ ಕೇಳುವವರು ಈಗ ಬಹಳ. ಬೆರಳಚ್ಚಿನ ಭಾಗ ಹೇಗಾದರೂ ಇರಲಿ, ಬ್ಯಾಟರಿ ಮುಗಿದಾಗ ಹಾಕಲು ಕೊಟ್ಟಿರುವ ಗುಪ್ತ ಕೀ ತೂತಿನ ಸಿಲಿಂಡರ್ ಎಂತಹದ್ದೆಂದು ನೋಡಿ ಕೊಳ್ಳಿ. ಕ್ಯಾಮೆರಾ ಹಾಕಿದರೆ ರೆಕಾರ್ಡರನ್ನು ಟಿವಿಯ ಅಡಿಯಲ್ಲಿ ಇಡಬೇಡಿ, ಕಳ್ಳ ಅದನ್ನೂ ಕಿತ್ತುಕೊಂಡು ಹೋಗುತ್ತಾನೆ. ಮಿಂಚು ಸಿಡಿಲಿಗೆ ಪ್ಲಗ್ ಕಿತ್ತಿಟ್ಟ ಕ್ಯಾಮೆರಾ ಗೋಡೆಯ ಅಲಂಕಾರಕ್ಕೆ ಮಾತ್ರ.

ಮದುವೆಗೋ ಶಬರಿಮಲೆಗೋ ಗಲ್ಫಿನ ಮಗನ ಮನೆಗೋ ಹೊರಟರೆ ಕೇರಳ ಪೊಲೀಸರ ಪೋಲ್-ಆ್ಯಪ್‌ನಲ್ಲಿ ಮುಚ್ಚಿದ ಮನೆಯ ವಿವರ ಕೊಡುವ ಸೌಲಭ್ಯ ಇದೆ. ಎರಡು ದಿನ ಮೊದಲೇ ನೋಂದಾಯಿಸಿದರೆ 14 ದಿನದವರೆಗೆ ಆ ಕಡೆ ಗಸ್ತು ತಿರುಗುವಾಗ ಕಣ್ಣಿಡುತ್ತಾರೆ. ಜಗಲಿಯ ದೀಪವನ್ನು ಹಗಲೂ ಉರಿಯಲು ಬಿಟ್ಟು ಹೋಗುವುದು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬೋರ್ಡು ತೂಗಿದಂತೆ. ಕತ್ತಲಾದಾಗ ತಾನೇ ಹೊತ್ತಿ ಬೆಳಗಾದಾಗ ಆರುವ ಸೆನ್ಸರ್ ಹೋಲ್ಡರ್ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುತ್ತದೆ. ಹಿಂತಿರುಗಿದಾಗ ಬಾಗಿಲು ಒಡೆದದ್ದು ಕಂಡರೆ ಒಳಗೆ ಕಾಲಿಡಬೇಡಿ, ಏನನ್ನೂ ಮುಟ್ಟಬೇಡಿ, 112ಕ್ಕೆ ಕರೆ ಮಾಡಿ.

ಕೀಯನ್ನು ಕೆಲಸದವಳಿಗೆಂದು, ಹಾಲಿನವನಿಗೆಂದು ಮೀಟರ್ ಬಾಕ್ಸಿನ ಮೇಲೆ, ತುಳಸಿಕಟ್ಟೆಯ ಗೂಡಿನಲ್ಲಿ, ಜಗಲಿಯ ಹಂಚಿನ ಸಂದಿನಲ್ಲಿ ಇಡುವವರಿದ್ದಾರೆ. ಕಳ್ಳ ಮೊದಲು ತಡಕುವುದು ಈ ಮೂರೇ ಜಾಗ. ಪಕ್ಕದ ಮನೆಯವರ ಕೈಯಲ್ಲಿ ಕೊಡಿ.