ಎದೆ ಅಂದರೂ ತಪ್ಪಾ?

ಹೋದ ವಾರ ಸ್ತನ ಕ್ಯಾನ್ಸರ್ ಬಗ್ಗೆ ಒಂದು ಪೋಸ್ಟ್ ಹಾಕಿದ್ದೆ. ಗಂಟೇನಾದರೂ ಇದೆಯಾ ಅಂತ ನಾವೇ ಮುಟ್ಟಿ ನೋಡಿಕೊಳ್ಳೋದು ಹೇಗೆ ಅಂತ ನಾಲ್ಕು ಸಾಲು, ಜೊತೆಗೆ ಪೆನ್ಸಿಲ್ಲಿನಲ್ಲಿ ಬಿಡಿಸಿದ ಒಂದು ಚಿತ್ರ. ಐದು ನಿಮಿಷ ಆಗಿರಲಿಲ್ಲ, ‘ಅಶ್ಲೀಲ’ ಅಂತ ಹೇಳಿ ತೆಗೆದುಹಾಕಿದರು. ತೆಗೆದವರು ಅಂದರೆ ಯಾರೂ ಅಲ್ಲ, ಮಷೀನು.

ಅದೇ ದಿನ ಯಾರೋ ಒಬ್ಬ ಇನ್‌ಬಾಕ್ಸಿಗೆ ಬಂದು, ನಾನು ಒಬ್ಬಳೇ ಸಿಕ್ಕರೆ ಏನೇನು ಮಾಡುತ್ತಾನೆ ಅಂತ ಬಿಡಿಸಿ ಬಿಡಿಸಿ ಬರೆದಿದ್ದ. ರಿಪೋರ್ಟ್ ಮಾಡಿದೆ. ‘ನಿಯಮಕ್ಕೆ ವಿರುದ್ಧವಾದದ್ದು ಏನೂ ಇಲ್ಲ’ ಅಂತ ಉತ್ತರ ಬಂತು. ಪುಣ್ಯಾತ್ಮ ಒಂದೇ ಒಂದು ಕೆಟ್ಟ ಪದ ಬಳಸಿರಲಿಲ್ಲ, ಅದಕ್ಕೇ ಪಾಸಾದ.

ಇದು ಹೊಸ ಕಾಯಿಲೆ ಏನಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿಯಲ್ಲಿ ಖಾತೆ ತೆರೆಯೋಕೇ ಆಗಲಿಲ್ಲ, ಯಾಕೆಂದರೆ ಊರಿನ ಹೆಸರಿನ ಹೊಟ್ಟೆಯೊಳಗೆ ಒಂದು ಇಂಗ್ಲಿಷ್ ಬೈಗುಳ ಕೂತಿತ್ತು! ಬಾಂಬಿನ ಬೆಂಕಿಯಲ್ಲಿ ಸುಟ್ಟು, ಬೆತ್ತಲೆಯಾಗಿ ಓಡಿ ಬರುವ ವಿಯೆಟ್ನಾಂ ಹುಡುಗಿಯ 1972ರ ಫೋಟೋ ಗೊತ್ತಲ್ವಾ? 2016ರಲ್ಲಿ ಫೇಸ್‌ಬುಕ್ ಅದನ್ನೂ ಅಳಿಸಿತು. ನಾರ್ವೆಯ ಪ್ರಧಾನಿ ಹಾಕಿದರೂ ಬಿಡಲಿಲ್ಲ. ಗಲಾಟೆ ಜಾಸ್ತಿಯಾದ ಮೇಲೆ ವಾಪಸ್ ಬಿಟ್ಟರು. ಯುದ್ಧ ಕಾಣಲಿಲ್ಲ, ಮೈ ಮಾತ್ರ ಕಂಡಿತು.

ಮನುಷ್ಯರೇ ಕೂತು ನೋಡಿದರೆ ಸರಿಹೋಗುತ್ತದಾ? 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಾಟರ್ ಸ್ಟೂವರ್ಟ್, ಅಪ್ಪಟ ಅಶ್ಲೀಲ ಅಂದರೆ ಏನು ಅಂತ ವಿವರಿಸೋಕೆ ಹೋಗಲ್ಲ, ನೋಡಿದರೆ ನನಗೆ ಗೊತ್ತಾಗುತ್ತದೆ ಅಂತ ಬರೆದರು. ಪ್ರಾಮಾಣಿಕ ಮಾತು, ಒಪ್ಪಿಕೊಂಡೆ. ಆದರೆ ನಿಮ್ಮ ಕಣ್ಣಿಗೆ ಕಂಡದ್ದು ನನ್ನ ಕಣ್ಣಿಗೆ ಕಾಣದಿದ್ದರೆ?

ಹಾಗಂತ ಏನನ್ನೂ ಅಳಿಸಬಾರದು ಅನ್ನುವವಳಲ್ಲ ನಾನು. ಒಬ್ಬರ ಖಾಸಗಿ ಫೋಟೋವನ್ನು ಅವರನ್ನು ಕೇಳದೆ ಹಂಚಿದರೆ ಒಂದು ನಿಮಿಷವೂ ಇರಬಾರದು. ಅದರಲ್ಲಿ ವಾಕ್ ಸ್ವಾತಂತ್ರ್ಯ ಎಲ್ಲಿಂದ ಬಂತು, ಅದು ಕಳ್ಳತನ. ಮಕ್ಕಳ ವಿಷಯದಲ್ಲಂತೂ ಚರ್ಚೆಯೇ ಬೇಡ. ಮೈ ಎಷ್ಟು ಕಾಣುತ್ತದೆ ಅಂತ ಅಳೆಯೋದು ಬಿಟ್ಟು, ಯಾರಿಗೆ ಅನ್ಯಾಯ ಆಗಿದೆ ಅಂತ ನೋಡಿ ಅಂತಷ್ಟೇ ನಾನು ಹೇಳೋದು.

ಈಗ ಎಲ್ಲರೂ ಅಕ್ಷರಗಳ ಮಧ್ಯೆ ಚುಕ್ಕೆ ಇಟ್ಟು ‘ಸ್ತ.ನ’ ಅಂತ ಬರೆಯೋಕೆ ಶುರು ಮಾಡಿದ್ದಾರೆ. ಮಷೀನಿಗೆ ಗೊತ್ತಾಗಲ್ಲ, ಸರಿ. ಆದರೆ ರಾತ್ರಿ ಎರಡು ಗಂಟೆಗೆ ಎದೆಯಲ್ಲಿ ಗಂಟು ಸಿಕ್ಕಿ, ಗಾಬರಿಯಲ್ಲಿ ಸರಿಯಾದ ಪದ ಹಾಕಿ ಹುಡುಕುವವಳಿಗೂ ಅದು ಸಿಗಲ್ಲ.

ನಾನು ನಿನ್ನೆ ಮತ್ತೆ ಪೋಸ್ಟ್ ಹಾಕಿದೆ. ಎದೆಯ ಬದಲು ಎರಡು ನಿಂಬೆಹಣ್ಣು ಬಿಡಿಸಿದ್ದೇನೆ, ಒಂದರ ಮೇಲೆ ಸಣ್ಣ ಗಂಟು. ಇನ್ನೂ ಇದೆ, ತೆಗೆದಿಲ್ಲ.