ಎಲೆ ಹಳದಿಯಾಗಿದೆ, ಏನು ಹಾಕಲಿ?

ಕಲಬುರಗಿಯಲ್ಲಿ ಮಾಳಿಗೆಯ ಮೇಲೆ ಕುಂಡಗಳಲ್ಲಿ ಗಿಡ ಬೆಳೆಸುವ ನಮ್ಮಂಥವರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೆ ಎರಡು ಬಾರಿಯಾದರೂ ಬರುವ ಪ್ರಶ್ನೆ ಇದು: "ಎಲಿ ಹಳದಿ ಆಗ್ಯಾವರಿ, ಏನ್ ಹಾಕ್ಲಿ?" ಪ್ರಶ್ನೆ ಬಂದ ಐದು ನಿಮಿಷದೊಳಗೆ ಉತ್ತರಗಳೂ ಬಂದುಬಿಡುತ್ತವೆ. ಒಬ್ಬರು ಎಪ್ಸಮ್ ಸಾಲ್ಟ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಬೇವಿನ ಹಿಂಡಿ ಎನ್ನುತ್ತಾರೆ, ಮತ್ತೊಬ್ಬರು ನೀರು ಕಡಿಮೆ ಮಾಡಿ ಎನ್ನುತ್ತಾರೆ. ಮೂರೂ ಎಲ್ಲೋ ಯಾವುದೋ ಗಿಡಕ್ಕೆ ಸರಿಹೋಗಿದ್ದ ಉತ್ತರಗಳೇ. ಆದರೆ ಕೇಳಿದವರ ಕುಂಡದಲ್ಲಿ ಹಳದಿಯಾಗಿರುವುದು ಮೇಲಿನ ಎಲೆಯೋ ಕೆಳಗಿನ ಎಲೆಯೋ ಎಂದು ಯಾರೂ ವಿಚಾರಿಸಿರುವುದಿಲ್ಲ.

ಆ ಒಂದು ಮರುಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಸಾರಜನಕ ಸಾಲದಾದಾಗ ಗಿಡವು ತನ್ನ ಹಳೆಯ ಎಲೆಗಳಲ್ಲಿರುವುದನ್ನು ತೆಗೆದು ಹೊಸ ಚಿಗುರಿಗೆ ಕೊಡುತ್ತದೆ; ಆದ್ದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವನ್ನು ಹಾಗೆ ಒಂದು ಎಲೆಯಿಂದ ಇನ್ನೊಂದು ಎಲೆಗೆ ಸಾಗಿಸಲು ಗಿಡಕ್ಕೆ ಸುಲಭವಾಗಿ ಆಗುವುದಿಲ್ಲ. ಅದು ಸಾಲದಾದಾಗ ತುದಿಯ ಎಳೆಯ ಎಲೆಗಳೇ ಬಿಳಿಚಿಕೊಳ್ಳುತ್ತವೆ, ಅವುಗಳ ನರಗಳು ಮಾತ್ರ ಹಸಿರಾಗಿಯೇ ಉಳಿದು ಬಲೆಯಂತೆ ಎದ್ದು ಕಾಣುತ್ತವೆ. ನಮ್ಮ ಭಾಗದಲ್ಲಿ ಈ ಎರಡನೆಯದು ಬಹಳ. ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಬೋರ್‌ವೆಲ್ ನೀರೂ ಗಡುಸು. ನಾನು ಗಿಡಗಳಿಗೆ ನೀರು ಒಯ್ಯುವ ನೀಲಿ ಬಕೆಟ್ಟಿನ ಒಳಬದಿಗೆ ಆರು ತಿಂಗಳಲ್ಲಿ ಉಗುರಿನಿಂದ ಕೆರೆದರೂ ಹೋಗದಷ್ಟು ಬಿಳಿ ಪದರ ಕಟ್ಟಿದೆ. ಇಂಥ ಕ್ಷಾರದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ಅಲ್ಲಿ ಎಪ್ಸಮ್ ಸಾಲ್ಟಿನಿಂದ ಪ್ರಯೋಜನವಿಲ್ಲ, ಅದು ಮೆಗ್ನೀಸಿಯಮ್ ಸಲ್ಫೇಟ್, ಬೇಕಾಗಿರುವುದು ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಿದರೆ ಬೇರಿನ ತಂಟೆಯೇ ಇಲ್ಲದೆ ಗಿಡಕ್ಕೆ ಕಬ್ಬಿಣ ಸಿಗುತ್ತದೆ.

ಇಷ್ಟನ್ನೂ ಪ್ರತಿ ಬಾರಿ ಬರೆಯಬೇಕೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಚುಟುಕಾಗಿ ಹೇಳುವುದರಲ್ಲೂ ನಾನು ತಪ್ಪಿದ್ದೇನೆ, ಉದ್ದಕ್ಕೆ ಹೇಳುವುದರಲ್ಲೂ ತಪ್ಪಿದ್ದೇನೆ.

ಮೊದಲನೆಯ ತಪ್ಪು ಒಂದು ಮೇ ತಿಂಗಳಿನಲ್ಲಿ ಆದದ್ದು. ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆ, ಏನು ಮಾಡಲಿ ಎಂದು ಗುಂಪಿನ ಹಿರಿಯರೊಬ್ಬರು ಕೇಳಿದ್ದರು. ನಾನು ಅಡುಗೆಯ ಗಡಿಬಿಡಿಯಲ್ಲಿದ್ದೆ, "ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು" ಎಂದು ಬರೆದು ಫೋನ್ ಕೆಳಗಿಟ್ಟೆ. ಪ್ರಮಾಣದಲ್ಲಿ ತಪ್ಪಿರಲಿಲ್ಲ. ಅವರು ಬೆಳಿಗ್ಗೆ ಹನ್ನೊಂದು ಗಂಟೆಗೆ, ಮಾಳಿಗೆಯ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲು ಇಡಲಾಗದ ಬಿಸಿಲಿನಲ್ಲಿ ಸಿಂಪಡಿಸಿದರು. ಎಣ್ಣೆ ಹತ್ತಿದ ಎಲೆ ಅಂಥ ಬಿಸಿಲಿನಲ್ಲಿ ಸುಡುತ್ತದೆ. ಮರುದಿನ ಅವರು ಕಳಿಸಿದ ಚಿತ್ರದಲ್ಲಿ ಎಲೆಗಳ ಅಂಚು ಹಂಚಿನ ಮೇಲೆ ಮರೆತ ರೊಟ್ಟಿಯ ಹಾಗೆ ಕಂದಿ ಮುರುಟಿದ್ದವು. ಗಿಡ ಅವರ ತೀರಿಹೋದ ಪತ್ನಿ ನೆಟ್ಟದ್ದೆಂದು ನನಗೆ ಆಮೇಲೆ ತಿಳಿಯಿತು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ, "ಇರ್ಲಿ ಬಿಡ್ರಿ ಅಕ್ಕಾರ, ಮಳಿಗಾಲದಾಗ ಚಿಗಿತದ" ಎಂದಷ್ಟೇ ಬರೆದರು. ಚಿಗುರಿತು ಕೂಡ. ಆದರೆ "ಸಂಜೆ ಹೊತ್ತು" ಎಂಬ ಎರಡು ಪದಗಳನ್ನು ಬರೆಯಲು ನನಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆ ಪಶ್ಚಾತ್ತಾಪದಲ್ಲಿ ನಾನು ಇನ್ನೊಂದು ಅತಿಗೆ ಹೋದೆ. ಆಳಂದ ರಸ್ತೆಯ ಕಡೆ ಬಾಡಿಗೆ ಕೋಣೆಯಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬ ಕೊತ್ತಂಬರಿ ಬೀಜವನ್ನು ಇಡಿಯಾಗಿ ಹಾಕಬೇಕೋ ಒಡೆದು ಹಾಕಬೇಕೋ ಎಂದು ಕೇಳಿದ. ಒಡೆದು ಹಾಕು, ಒಂದು ಕಾಯಿಯಲ್ಲಿ ಎರಡು ಬೀಜ ಇರುತ್ತವೆ ಎಂದಿದ್ದರೆ ಸಾಕಾಗುತ್ತಿತ್ತು. ನಾನು ಮಣ್ಣಿನ ಮಿಶ್ರಣ, ಕೊಕೊಪೀಟಿನ ಉಪ್ಪು ತೊಳೆಯುವ ಬಗೆ, ಬೀಜ ನೆನೆಸುವ ಹೊತ್ತು, ಸೆಖೆಗೆ ಕೊತ್ತಂಬರಿ ಬೇಗ ಹೂವಿಗೆ ಬರುವುದು, ಶೇಡ್ ನೆಟ್ ಕಟ್ಟುವ ಎತ್ತರ ಇವೆಲ್ಲವನ್ನೂ ಸೇರಿಸಿ ಬೆರಳಿನಿಂದ ಮೂರು ಬಾರಿ ಮೇಲಕ್ಕೆ ಸರಿಸಿದರೂ ಮುಗಿಯದಷ್ಟು ಉದ್ದ ಬರೆದೆ. ತಿಂಗಳಾದ ಮೇಲೆ ನರ್ಸರಿಯೊಂದರಲ್ಲಿ ಸಿಕ್ಕಾಗ ಹೇಗಿದೆ ಕೊತ್ತಂಬರಿ ಎಂದು ಕೇಳಿದೆ. "ಅಕ್ಕಾರ, ನೀವು ಬರ್ದದ್ದು ಓದಿದ ಮ್ಯಾಲೆ ಇಷ್ಟೆಲ್ಲಾ ನನ್ನ ಕೈಲಿ ಆಗಂಗಿಲ್ಲ ಅನಿಸ್ತರಿ. ಬೀಜ ಡಬ್ಬಿಯಾಗೇ ಅದಾವ" ಎಂದ. ಆ ಹುಡುಗನ ಉತ್ಸಾಹವನ್ನು ನಾನೇ ಕುಗ್ಗಿಸಿದ್ದೆ. ಹತ್ತು ರೂಪಾಯಿಯ ಧನಿಯಾ ತಪ್ಪಿ ಹಾಳಾದರೆ ಅವನು ಇನ್ನೊಂದು ಹಿಡಿ ಬಿತ್ತುತ್ತಿದ್ದ, ಅದರಿಂದಲೇ ಕಲಿಯುತ್ತಿದ್ದ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಮ್ಮ ಅಪ್ಪ ನೆನಪಾದರು. ಆಳಂದ ತಾಲೂಕಿನ ನಮ್ಮ ಊರಿನಲ್ಲಿ ತೊಗರಿ ಬೆಳೆಯುತ್ತಿದ್ದವರು ಅವರು. ಯಾರಾದರೂ ಬಂದು ತೊಗರಿ ನೆಟೆ ಹೋಗುತ್ತಿದೆ, ಅಂದರೆ ನಿಂತಲ್ಲೇ ಬಾಡಿ ಒಣಗುತ್ತಿದೆ ಎಂದರೆ ಅವರು ಔಷಧದ ಹೆಸರು ಹೇಳುತ್ತಿರಲಿಲ್ಲ, "ಹೋದ ವರ್ಷ ಅದೇ ಹೊಲದಾಗ ಏನ್ ಬಿತ್ತಿದ್ದಿ?" ಎಂದು ಕೇಳುತ್ತಿದ್ದರು. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ, ಹಿಂದಿನ ಬೆಳೆಯ ಕೂಳೆಯಲ್ಲಿ ಹಲವು ವರ್ಷ ಉಳಿಯುತ್ತದೆ, ತೊಗರಿಯ ಮೇಲೆ ತೊಗರಿ ಬಿತ್ತಿದಷ್ಟೂ ಹೆಚ್ಚುತ್ತದೆ, ನಡುವೆ ಜೋಳ ಬಂದರೆ ತಗ್ಗುತ್ತದೆ. ಅವರಿಗೆ ಶಿಲೀಂಧ್ರದ ಹೆಸರು ಗೊತ್ತಿರಲಿಲ್ಲ, ಜೋಳದ ಸಂಗತಿ ಗೊತ್ತಿತ್ತು. ಟಿಎಸ್ 3ಆರ್‌ನಂಥ ನೆಟೆ ತಡೆಯುವ ತಳಿಗಳು ಕೈಗೆ ಸಿಕ್ಕಮೇಲೆ "ಅದನ್ನ ಬಿತ್ತು" ಎಂಬ ಎರಡೇ ಪದದ ಉತ್ತರವೂ ಬರುವ ವರ್ಷಕ್ಕೆ ಸರಿಯೇ; ಹಾಗಿದ್ದೂ ಯಾಕೆ ಎಂದು ತಿಳಿದವನು ಮಾತ್ರ ಕೂಳೆ ಕಿತ್ತು ಸುಡುತ್ತಾನೆ, ಹೊಲ ಬದಲಿಸುತ್ತಾನೆ.

ಉತ್ತರದ ಉದ್ದವನ್ನು ಕೇಳುವವರ ಜಾಣತನದಿಂದಾಗಲೀ ನಮ್ಮ ಬಿಡುವಿನಿಂದಾಗಲೀ ಅಳೆಯಬಾರದು ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾದದ್ದು ಹೀಗೆ. ತಪ್ಪಿದರೆ ಏನು ಹೋಗುತ್ತದೆ ಎಂಬುದೇ ಅಳತೆ. ಬೀಜ ಹೋಗುವುದಾದರೆ ಒಂದು ಸಾಲು ಸಾಕು. ಗಿಡ ಹೋಗುವುದಾದರೆ, ಅದರಲ್ಲೂ ಸಿಂಪಡಣೆ, ಗೊಬ್ಬರ, ಬೇರು ಕತ್ತರಿಸುವುದು ಇಂಥವುಗಳಲ್ಲಿ, ಪ್ರಮಾಣದ ಜೊತೆಗೆ ಹೊತ್ತು ಮತ್ತು ಎಚ್ಚರಿಕೆ ಬರಲೇಬೇಕು. ಎರಡರಲ್ಲೂ ಒಂದು ತುಣುಕು ಕಾರಣ ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ, ಏಕೆಂದರೆ "ದಿನ ಬಿಟ್ಟು ದಿನ ನೀರು ಹಾಕಿ" ಎಂಬ ಬೆಂಗಳೂರಿನವರ ಸಲಹೆ ಇಲ್ಲಿಯ 42 ಡಿಗ್ರಿ ಬಿಸಿಲಿನ ಚಿಕ್ಕ ಕುಂಡಕ್ಕೆ ಒಂದೇ ದಿನದಲ್ಲಿ ಕುತ್ತಾಗುತ್ತದೆ. "ಬೆರಳಿನ ಎರಡು ಗೆಣ್ಣು ಮಣ್ಣಿಗೆ ತೂರಿಸಿ ನೋಡಿ, ಒಳಗೆ ಒಣಗಿದ್ದರೆ ಹಾಕಿ, ಹಸಿ ಇದ್ದರೆ ಬೇರಿಗೆ ಗಾಳಿ ಸಿಗಲು ಬಿಡಿ" ಎಂದರೆ ಅದು ಬೆಂಗಳೂರಿನಲ್ಲೂ ನಡೆಯುತ್ತದೆ, ಯಾದಗಿರಿಯಲ್ಲೂ ನಡೆಯುತ್ತದೆ. ಉದ್ದ ಬರೆಯಬೇಕಾಗಿ ಬಂದಾಗಲೂ ಈಗ ನಾನು ಮಾಡಬೇಕಾದ ಕೆಲಸವನ್ನು ಮೊದಲ ಸಾಲಿನಲ್ಲೇ ಇಡುತ್ತೇನೆ. ಓದುವ ವ್ಯವಧಾನ ಇಲ್ಲದವರು ಅಲ್ಲಿಗೇ ನಿಂತರೂ ಗಿಡ ಉಳಿಯುತ್ತದೆ.

ಇವತ್ತು ಬೆಳಿಗ್ಗೆ ಗುಂಪಿಗೆ ಹೊಸದಾಗಿ ಸೇರಿದವರೊಬ್ಬರು "ಮಲ್ಲಿಗಿ ಮೂರು ವರ್ಷದ್ದು ಅದ, ಹೂವೇ ಬಿಡಂಗಿಲ್ರಿ" ಎಂದು ಬರೆದಿದ್ದರು. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಕೊನೆಯ ಸಲ ಕತ್ತರಿಸಿದ್ದು ಯಾವಾಗ ಎಂದು ಎರಡನ್ನು ಕೇಳಿದೆ. ನೀರಿನ ಟ್ಯಾಂಕಿನ ಮಗ್ಗುಲಲ್ಲಿದೆ, ಹತ್ತು ಗಂಟೆಗೆಲ್ಲ ನೆರಳು ಬರುತ್ತದೆ, ಕತ್ತರಿಸಿದ್ದೇ ಇಲ್ಲ ಎಂದರು. ಕುಂಡವನ್ನು ಐದಾರು ಗಂಟೆಯಾದರೂ ಬಿಸಿಲು ಬೀಳುವ ಕಡೆ ಇಡಿರಿ, ಡಿಸೆಂಬರಿನಲ್ಲಿ ಕಡ್ಡಿಗಳನ್ನು ಅರ್ಧಕ್ಕೆ ಕತ್ತರಿಸಿರಿ, ಮಲ್ಲಿಗೆಯ ಮೊಗ್ಗು ಮೂಡುವುದು ಹೊಸ ಚಿಗುರಿನ ತುದಿಯಲ್ಲಿ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಒಂದು ಚಿತ್ರ ಬಂತು: ಕುಂಡವಾಗಲೇ ಬಿಸಿಲಿಗೆ ಬಂದಿತ್ತು, ಅದರ ಒಂದು ಕಡ್ಡಿಯ ನಡುವಿಗೆ ಕೆಂಪು ದಾರ ಕಟ್ಟಲಾಗಿತ್ತು. "ಇಲ್ಲಿಗೇನ್ರಿ ಅಕ್ಕಾರ?" ಎಂದು ಕೆಳಗೆ ಬರೆದಿದ್ದರು. ದಾರ ಎರಡು ಗೆಣ್ಣುಗಳ ನಡುವೆ ಇತ್ತು. ಅದನ್ನು ಕೆಳಗಿನ ಗೆಣ್ಣಿನ ತುಸು ಮೇಲಕ್ಕೆ ಇಳಿಸಲು ಹೇಳಿ, ಚಿಗುರು ಒಡೆಯುವುದು ಆ ಗೆಣ್ಣಿನಿಂದಲೇ ಎಂದು ಸೇರಿಸಿದೆ.